ರೋಮನ್ ಪಟ್ಟಿಕವಚದ ಮರುನಿರ್ಮಾಣ: ಸಾಕ್ಷ್ಯ ಎಷ್ಟು, ಊಹೆ ಎಷ್ಟು

ಎದೆ, ಹೊಟ್ಟೆ, ಭುಜಗಳ ಸುತ್ತ ಕಬ್ಬಿಣದ ಅಡ್ಡಪಟ್ಟಿಗಳನ್ನು ಜೋಡಿಸಿದ ರೋಮನ್ ಕವಚವನ್ನು ಇಂದು ಲೋರಿಕಾ ಸೆಗ್ಮೆಂಟಾಟಾ ಎನ್ನುತ್ತಾರೆ. ತಗಡು, ರಿವೆಟ್, ಚರ್ಮ ಮತ್ತು ಒಂದಿಷ್ಟು ಕೈಚಳಕ ಇದ್ದರೆ ನೋಡಲು ಹಾಗೇ ಕಾಣುವ ಕವಚವನ್ನು ಯಾರು ಬೇಕಾದರೂ ಮಾಡಬಹುದು. ಅದರಲ್ಲಿ ಯಾವ ಭಾಗ ಅಗೆತದಿಂದ ಬಂತು, ಯಾವ ಭಾಗ ಮಾಡಿದವರ ತಲೆಯಿಂದ ಬಂತು ಎಂದು ಬಿಡಿಸಿ ಹೇಳುವ ಕೆಲಸವೇ ಕಷ್ಟದ್ದು. ಹಳೆಯ ವಸ್ತುವನ್ನು ಮತ್ತೆ ಮಾಡಿ, ಬಳಸಿ ಕಲಿಯುವ ಪ್ರಾಯೋಗಿಕ ಪುರಾತತ್ವಕ್ಕೂ ವೇಷಭೂಷಣದ ಕೆಲಸಕ್ಕೂ ಇರುವ ಗೆರೆ ಇಲ್ಲೇ ಬೀಳುತ್ತದೆ. ಕೆಳಗಿನ ಕ್ರಮ ಹಿಡಿದರೆ ಕವಚವೂ ಆಗುತ್ತದೆ, ಅದರ ಜೊತೆಗೆ ಆ ಲೆಕ್ಕವೂ ಉಳಿಯುತ್ತದೆ.

ಒಂದೇ ಮಾದರಿ ಆರಿಸಿ

ಮೊದಲ ನಿರ್ಧಾರವೇ ದೊಡ್ಡ ನಿರ್ಧಾರ. ಈ ಕವಚದ ಮುಖ್ಯ ಬಗೆಗಳಿಗೆಲ್ಲ ಸಿಕ್ಕ ಜಾಗದ ಹೆಸರೇ ಇದೆ.

ಜರ್ಮನಿಯ ಕಾಲ್ಕ್ರೀಸ ಬಗೆ ತೀರ ಹಳೆಯದು, ಜರ್ಮನ್ ಬುಡಕಟ್ಟುಗಳು ರೋಮನ್ ಸೇನಾಪತಿ ವಾರುಸ್‌ನನ್ನು ಸೋಲಿಸಿದ ಕ್ರಿ.ಶ. 9ರ ಯುದ್ಧದ ಜೊತೆ ಗುರುತಿಸಲಾಗುವ ರಣಭೂಮಿಯದು. ಅಲ್ಲಿ 2018ರಲ್ಲಿ ಬಹುಮಟ್ಟಿಗೆ ಇಡಿಯಾದ ಕವಚವೊಂದು ಮಣ್ಣಿನ ಹೆಂಟೆಯೊಳಗೇ ಸಿಕ್ಕಿತು. ಹೆಂಟೆಯನ್ನು ಒಡೆಯುವ ಮೊದಲು ಫ್ಯೂರ್ತ್ ಊರಿನ ಫ್ರೌನ್‌ಹೋಫರ್ ಸಂಶೋಧನಾ ಕೇಂದ್ರದ ದೊಡ್ಡ ಸಿ.ಟಿ. ಸ್ಕ್ಯಾನರಿನಲ್ಲಿ ಒಳಗನ್ನು ನೋಡಿದರು. ಪಟ್ಟಿಗಳು ಒಂದರ ಮೇಲೊಂದು ಕುಸಿದು ಕೂತಿದ್ದವು, ಚರ್ಮದ ದಾರದ ತುಣುಕುಗಳು ಕೂಡ ಉಳಿದಿದ್ದವು.

ಇಂಗ್ಲೆಂಡಿನಲ್ಲಿ ರೋಮನ್ನರ ಗಡಿಗೋಡೆಯಾದ ಹೇಡ್ರಿಯನ್ ಗೋಡೆಯ ಹತ್ತಿರದ ಕಾರ್ಬ್ರಿಜ್‌ನಲ್ಲಿ 1964ರಲ್ಲಿ ಹೂತಿಟ್ಟ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಅದರೊಳಗೆ ಕವಚದ ಭಾಗಗಳು ಕಟ್ಟುಕಟ್ಟಾಗಿದ್ದವು. ಲಂಡನ್ ಟವರ್‌ನ ಶಸ್ತ್ರಾಗಾರದಲ್ಲಿದ್ದ ಎಚ್. ರಸೆಲ್ ರಾಬಿನ್ಸನ್ ಇವನ್ನಿಟ್ಟುಕೊಂಡು ಮಾಡಿದ ಮರುನಿರ್ಮಾಣವೇ ಇಂದು ಸಿನಿಮಾದಿಂದ ಮ್ಯೂಸಿಯಂವರೆಗೆ ಎಲ್ಲ ಕಡೆ ಕಾಣುವ ರೂಪಕ್ಕೆ ಮೂಲ. ಸ್ಕಾಟ್ಲೆಂಡಿನ ನ್ಯೂಸ್ಟೆಡ್ ಬಗೆ ಅದಕ್ಕಿಂತ ಈಚಿನದು. ಅದರಲ್ಲಿ ಎದೆ, ಬೆನ್ನಿನ ತಗಡು ದೊಡ್ಡವು, ಕೊಂಡಿ ಮತ್ತು ತಿರುಗುಪಿನ್ನಿನ ವ್ಯವಸ್ಥೆಯೇ ಬೇರೆ.

ಮೊದಲ ಪ್ರಯತ್ನಕ್ಕೆ ಕಾರ್ಬ್ರಿಜ್ ‘ಎ’ ಬಗೆಯನ್ನು ಹಿಡಿಯಿರಿ. ಅದರ ಭಾಗಗಳ ಅಳತೆ, ನಕ್ಷೆಗಳು 1988ರ ಅಗೆತದ ವರದಿಯಲ್ಲಿ ವಿವರವಾಗಿ ಪ್ರಕಟವಾಗಿವೆ. ‘ಎ’ ಬಗೆಯಲ್ಲಿ ಭುಜದ ಭಾಗ ಮತ್ತು ಸೊಂಟದ ಸುತ್ತಿನ ಭಾಗ ಚರ್ಮದ ಪಟ್ಟಿ ಮತ್ತು ಬಕಲ್‌ನಿಂದ ಕೂಡುತ್ತವೆ. ‘ಬಿ’ ಬಗೆಯಲ್ಲಿ ಆ ಜಾಗದಲ್ಲಿ ಲೋಹದ ಕೊಂಡಿ ಬರುತ್ತದೆ. ಎದೆಯ ಬಕಲ್ ‘ಎ’ಯಿಂದ, ಬೆನ್ನಿನ ಕೊಂಡಿ ‘ಬಿ’ಯಿಂದ, ಕೀಲಿನ ಆಕಾರ ಕಾಲ್ಕ್ರೀಸದಿಂದ ತಂದು ಹಾಕಿದರೆ ಮೂರು ಬೇರೆ ಬೇರೆ ಕವಚಗಳ ಬೆರಕೆಯಾಗುತ್ತದೆ. ಅದನ್ನು ತೊಟ್ಟು ಎಷ್ಟು ಮೈಲಿ ನಡೆದರೂ ರೋಮನ್ ಸೈನಿಕನ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ಕಾರ್ಬ್ರಿಜ್ ಪೆಟ್ಟಿಗೆಯನ್ನು ಹೂತದ್ದು ಸುಮಾರು ಕ್ರಿ.ಶ. 122ರಿಂದ 138ರ ನಡುವೆ. ಕವಚಗಳು ಅದಕ್ಕಿಂತ ಹಳೆಯವಿರಬಹುದು. ಹಲವು ಭಾಗಗಳಲ್ಲಿ ದುರಸ್ತಿಯ ಗುರುತುಗಳಿವೆ. ಮುರಿದ ಕೀಲನ್ನು ತೆಗೆದುಹಾಕಿ ಎರಡು ತಗಡುಗಳನ್ನು ನೇರವಾಗಿ ರಿವೆಟ್ ಹೊಡೆದು ಕೂಡಿಸಿದ್ದೂ ಇದೆ. ಅಂದರೆ ನೀವು ನಕಲು ಮಾಡುತ್ತಿರುವುದು ಹೊಸ ಕವಚದ ವಿನ್ಯಾಸವೋ, ಹಲವು ಸಲ ರಿಪೇರಿಗೆ ಬಂದ ಸಾಮಾನೋ ಎಂಬ ಪ್ರಶ್ನೆ ಪ್ರತಿ ಭಾಗಕ್ಕೂ ಕೇಳಬೇಕಾದದ್ದು.

ಸಾಕ್ಷ್ಯದ ಖಾತೆ

ತಗಡು ಕತ್ತರಿಸುವ ಮೊದಲು ಒಂದು ಖಾತೆಪುಸ್ತಕ ಬೇಕು. ಪ್ರತಿ ತಗಡು, ಪ್ರತಿ ರಿವೆಟ್ ಸಾಲು, ಪ್ರತಿ ಚರ್ಮದ ಪಟ್ಟಿಗೆ ಒಂದೊಂದು ಸಾಲು ಬಿಡಿ. ಪ್ರತಿಯೊಂದಕ್ಕೂ ಐದು ದರ್ಜೆಗಳಲ್ಲಿ ಒಂದನ್ನು ಕೊಡಿ.

ಅ: ಅದೇ ಕವಚದಲ್ಲಿ ಅದೇ ಜಾಗದಲ್ಲಿ ಲೋಹವಾಗಿಯೇ ಉಳಿದದ್ದು. ಎದೆಯ ತಗಡು, ಭುಜದ ಕೀಲು ಇಂಥವು.

ಆ: ವಸ್ತು ಹೋಗಿದೆ, ಗುರುತು ಉಳಿದಿದೆ. ಒಳಗಿನ ಚರ್ಮದ ಪಟ್ಟಿ ಇದಕ್ಕೆ ತಕ್ಕ ಉದಾಹರಣೆ. ರಿವೆಟ್‌ಗಳ ಸಾಲು ಅದರ ಜಾಗ ಹೇಳುತ್ತದೆ, ರಿವೆಟ್ಟಿನ ತಲೆಗೂ ತಗಡಿಗೂ ನಡುವಿನ ಸಂದು ಅದರ ದಪ್ಪ ಹೇಳುತ್ತದೆ, ತುಕ್ಕಿನಲ್ಲಿ ಖನಿಜವಾಗಿ ಉಳಿದ ಚೂರು ಅದು ಚರ್ಮವೇ ಎಂದು ಹೇಳುತ್ತದೆ.

ಇ: ಬೇರೆ ಜಾಗದ, ಬೇರೆ ಬಗೆಯ ಅಥವಾ ಬೇರೆ ಕಾಲದ ಶೋಧದಿಂದ ಸಾಲ ತಂದದ್ದು.

ಈ: ಶಿಲ್ಪ ಅಥವಾ ಬರಹದಲ್ಲಿ ಮಾತ್ರ ಇರುವುದು.

ಉ: ಯಾವ ಸಾಕ್ಷ್ಯವೂ ಇಲ್ಲ, ಕವಚ ಮೈಮೇಲೆ ನಿಲ್ಲಬೇಕಾದರೆ ಬೇಕೇ ಬೇಕು, ಅದಕ್ಕೆ ಹಾಕಿದ್ದು.

ದರ್ಜೆ ಕೊಡುವಾಗ ಉದಾರವಾಗಬೇಡಿ. ಹೆಚ್ಚು ಜನ ಎಡವುವುದು ‘ಇ’ಯನ್ನು ‘ಅ’ ಎಂದು ಬರೆಯುವುದರಲ್ಲಿ. ಪುಸ್ತಕದಲ್ಲಿ ಅಚ್ಚಾದ ಮರುನಿರ್ಮಾಣದ ಚಿತ್ರ ನೋಡಿ ‘ಕಾರ್ಬ್ರಿಜ್‌ನಲ್ಲಿ ಹೀಗಿತ್ತು’ ಎಂದು ಬರೆದರೆ ಆ ಚಿತ್ರಕಾರನ ಊಹೆ ನಿಮ್ಮ ಖಾತೆಯಲ್ಲಿ ಸಾಕ್ಷ್ಯವಾಗಿ ಕೂತುಬಿಡುತ್ತದೆ. ಅಳತೆ ತೆಗೆಯಬೇಕಾದದ್ದು ಸಿಕ್ಕ ತುಣುಕಿನ ನಕ್ಷೆಯಿಂದ ಮಾತ್ರ. ಚುಕ್ಕಿ ಗೆರೆಯಲ್ಲಿ ಬರೆದ ಭಾಗ ಸಾಮಾನ್ಯವಾಗಿ ಸಂಪಾದಕರ ಪೂರಣ. ಅದಕ್ಕೆ ಬೇರೆ ದರ್ಜೆ.

ಶಿಲ್ಪವನ್ನು ಯಾಕೆ ಇಷ್ಟು ಕೆಳಗೆ ಇಟ್ಟಿದೆ? ಚಕ್ರವರ್ತಿ ಟ್ರೇಜನ್ ಡೇಸಿಯದಲ್ಲಿ (ಇಂದಿನ ರೊಮೇನಿಯದ ಕಡೆ) ನಡೆಸಿದ ಯುದ್ಧಗಳನ್ನು ಕೆತ್ತಿರುವ ರೋಮಿನ ಟ್ರೇಜನ್ ಸ್ತಂಭ ಮುಗಿದದ್ದು ಕ್ರಿ.ಶ. 113ರಲ್ಲಿ. ಲೀಜನ್ ಎಂಬ ಮುಖ್ಯ ಪಡೆಯ ಸೈನಿಕರಿಗೆ ಪಟ್ಟಿಕವಚ, ಸಹಾಯಕ ಪಡೆಯವರಿಗೆ ಬಳೆಕವಚ (ಸಣ್ಣ ಲೋಹದ ಬಳೆಗಳನ್ನು ಹೆಣೆದದ್ದು) ಎಂದು ಅದು ಅಚ್ಚುಕಟ್ಟಾಗಿ ವಿಂಗಡಿಸಿ ತೋರಿಸುತ್ತದೆ. ಆದರೆ ಅದೇ ಡೇಸಿಯ ಯುದ್ಧಗಳ ನೆನಪಿಗೆ ರೊಮೇನಿಯದ ಆದಾಮ್‌ಕ್ಲಿಸಿಯಲ್ಲಿ ನಿಂತ ಸ್ಮಾರಕದ ಕಲ್ಲುಗಳಲ್ಲಿ ಸೈನಿಕರು ಬಳೆಕವಚ, ಮೀನಿನ ಹುರುಪೆಯಂಥ ಬಿಲ್ಲೆಗಳ ಹುರುಪೆಕವಚ ತೊಟ್ಟಿದ್ದಾರೆ, ಪಟ್ಟಿಕವಚ ಕಾಣುವುದಿಲ್ಲ. ರೊಮೇನಿಯದ್ದೇ ಆದ ಆಲ್ಬಾ ಯೂಲಿಯಾದ ಶಿಲ್ಪವೊಂದರಲ್ಲಿ ಹೊಟ್ಟೆಗೆ ಪಟ್ಟಿ, ಭುಜಕ್ಕೆ ಬೇರೆಯೇ ಬಗೆಯ ಹೊದಿಕೆ ಇದೆ. ಕಲ್ಲುಕುಟಿಗ ಬಕಲ್ ಎಲ್ಲಿತ್ತು ಎಂದು ತೋರಿಸಲು ಹೊರಟವನಲ್ಲ. 1964ಕ್ಕೆ ಮುಂಚಿನ ಮರುನಿರ್ಮಾಣಗಳು ಸ್ತಂಭವನ್ನು ನಂಬಿ ಪಟ್ಟಿಗಳನ್ನು ಚರ್ಮದ ಮೇಲಂಗಿಗೆ ಹೊಲಿದು, ಹೊರಗಿನಿಂದ ಬಿಗಿದು ಏನೇನೋ ಮಾಡಿದವು. 1899ರಲ್ಲಿ ಆಸ್ಟ್ರಿಯದ ಕಾರ್ನುಂಟಮ್‌ನಲ್ಲಿ ನಿಜವಾದ ತುಣುಕುಗಳೇ ರಾಶಿಯಾಗಿ ಸಿಕ್ಕಿದ್ದವು. ಆದರೂ ಯಾವುದು ಯಾವುದಕ್ಕೆ ಕೂಡುತ್ತದೆ ಎಂಬುದು ಕಾರ್ಬ್ರಿಜ್‌ನ ಜೋಡಿಸಿಟ್ಟ ಕಟ್ಟುಗಳು ಸಿಗುವವರೆಗೆ ಬಗೆಹರಿಯಲಿಲ್ಲ.

ದಪ್ಪದ ತೊಡಕು

ಹೂತ ಕಬ್ಬಿಣದ ದಪ್ಪವನ್ನು ಕ್ಯಾಲಿಪರ್ ಹಿಡಿದು ಅಳೆದು ಬರೆಯಬೇಡಿ. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡರಷ್ಟಕ್ಕಿಂತಲೂ ಹೆಚ್ಚು ಜಾಗ ಹಿಡಿಯುತ್ತದೆ. ತಗಡು ಪದರ ಪದರವಾಗಿ ಉಬ್ಬುತ್ತದೆ. ಇತ್ತ, ಸ್ವಚ್ಛ ಮಾಡುವಾಗ ಮೇಲ್ಪದರ ಕಳಚಿಹೋಗಿದ್ದರೆ ಮೂಲಕ್ಕಿಂತ ತೆಳುವಾದ ಅಳತೆ ಬರುತ್ತದೆ. ಹೆಚ್ಚು ನಂಬಬಹುದಾದದ್ದು ರಿವೆಟ್. ತಾಮ್ರಮಿಶ್ರಲೋಹದ ರಿವೆಟ್ ಕಬ್ಬಿಣದಷ್ಟು ಬೇಗ ಹಾಳಾಗುವುದಿಲ್ಲ. ಅದರ ಎರಡು ತಲೆಗಳ ನಡುವಿನ ಉದ್ದದಲ್ಲಿ ತಗಡು, ಚರ್ಮ, ವಾಷರ್ ಮೂರೂ ಕೂಡಿ ಎಷ್ಟಿದ್ದವು ಎಂಬ ಮಿತಿ ಸಿಗುತ್ತದೆ.

ಒಂದು ಅಂಕಿಯ ಬದಲು ವ್ಯಾಪ್ತಿಯನ್ನೇ ಬರೆಯಿರಿ: ಕನಿಷ್ಠ 0.7, ಸಂಭವನೀಯ 1.0, ಗರಿಷ್ಠ 1.2 ಮಿ.ಮೀ. ಎಂಬಂತೆ. ಮಾರಾಟಕ್ಕೆ ಬರುವ ನಕಲುಗಳಲ್ಲಿ 1.2ರಿಂದ 1.6 ಮಿ.ಮೀ. ತಗಡು ಸಾಮಾನ್ಯ, ಏಕೆಂದರೆ ಅದು ಕೈಗೆ ಗಟ್ಟಿಯಾಗಿ ಸಿಗುತ್ತದೆ, ಪ್ರದರ್ಶನದ ಹೊಡೆದಾಟ ತಾಳುತ್ತದೆ. ರೋಮನ್ ಕವಚ ಭಾರವಾಗಿತ್ತು ಎಂಬ ಮಾತಿನ ಬೇರು ಬಹಳ ಸಲ ಇಲ್ಲೇ ಇದೆ.

ತೂಕದ ಮೇಲೆ ದಪ್ಪದ ಪರಿಣಾಮ ನೋಡಲು ಸರಳ ಲೆಕ್ಕ ಸಾಕು. 1 ಮಿ.ಮೀ. ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ. ಒಂದರ ಮೇಲೊಂದು ಬರುವ ಅಂಚುಗಳನ್ನೂ ಸೇರಿಸಿ ಎಲ್ಲ ತಗಡುಗಳ ವಿಸ್ತೀರ್ಣ 0.8 ಚದರ ಮೀಟರ್ ಬಂತು ಎನ್ನಿ. ಆಗ 0.7 ಮಿ.ಮೀ.ಗೆ 4.4 ಕಿಲೋ, 1.0ಕ್ಕೆ 6.3, 1.2ಕ್ಕೆ 7.5, 1.6ಕ್ಕೆ 10 ಕಿಲೋ. ಕವಚದ ಆಕಾರ ಅದೇ. ತೂಕ ಮಾತ್ರ ಎರಡು ಪಟ್ಟು ಮೀರಿತು. ಹಾಗಾಗಿ ನಿಮ್ಮ ನಕಲಿನ ತೂಕವನ್ನು ಫಲಿತಾಂಶ ಎಂದು ಪ್ರಕಟಿಸುವುದಕ್ಕೆ ಅರ್ಥವಿಲ್ಲ; ಅದು ನೀವು ಆರಿಸಿದ ದಪ್ಪದ ಪ್ರತಿಧ್ವನಿ. ವ್ಯಾಪ್ತಿಯನ್ನು ಪ್ರಕಟಿಸಿ.

ಒಳ ಅಂಗಿ ಮೊದಲು, ರಟ್ಟು ಆಮೇಲೆ

ಬಹಳ ಮಂದಿ ಕವಚ ಮುಗಿಸಿ, ಅದು ಭುಜ ಕೊರೆಯಲು ಶುರು ಮಾಡಿದ ಮೇಲೆ ಒಳಗೆ ದಪ್ಪ ಬಟ್ಟೆ ತುರುಕುತ್ತಾರೆ. ಕ್ರಮ ಉಲ್ಟಾ ಆಯಿತು. ಒಳಗಿನ ದಪ್ಪ ಅಂಗಿ ಎಷ್ಟಿದೆ ಎಂಬುದರ ಮೇಲೆ ಎಲ್ಲ ತಗಡಿನ ಉದ್ದ ನಿಂತಿದೆ.

ಆ ಅಂಗಿಯ ಸಾಕ್ಷ್ಯವೋ ತೀರ ಬಡವಾದದ್ದು. 4ನೇ ಶತಮಾನದ ಆಸುಪಾಸಿನ, ಲೇಖಕನ ಹೆಸರಿಲ್ಲದ ‘ದೇ ರೇಬುಸ್ ಬೆಲ್ಲಿಕಿಸ್’ ಎಂಬ ಲ್ಯಾಟಿನ್ ಬರಹ, ಕವಚದ ಭಾರ ಮತ್ತು ಉಜ್ಜುವಿಕೆ ತಡೆಯಲು ಒತ್ತಿದ ಉಣ್ಣೆಯ ಅಂಗಿಯೊಂದನ್ನು ವರ್ಣಿಸುತ್ತದೆ. ನಮ್ಮ ಕವಚಕ್ಕೂ ಅದಕ್ಕೂ ಇನ್ನೂರು ವರ್ಷಕ್ಕೂ ಹೆಚ್ಚು ಅಂತರ. ಆದ್ದರಿಂದ ಅಂಗಿಗೆ ‘ಈ’ ದರ್ಜೆ, ಭುಜದ ಮೇಲಿನ ಹೆಚ್ಚುವರಿ ಮೆತ್ತೆಗೆ ‘ಉ’. ಆದರೆ ಮೆತ್ತೆಯಿಲ್ಲದೆ ಕವಚ ಸರಿಯಾಗಿ ಕೂರುವುದೂ ಇಲ್ಲ. ಮನುಷ್ಯನ ಭುಜ ಇಳಿಜಾರು. ಕತ್ತಿನ ಪಕ್ಕದ ತಗಡುಗಳು ಆ ಇಳಿಜಾರಿನ ಮೇಲೆ ಕೂತಾಗ ಹೊರಗಿನ ಅಂಚು ಕೆಳಗಿಳಿಯುತ್ತದೆ, ಎದೆಯ ಎರಡು ತಗಡುಗಳ ಮೇಲ್ತುದಿ ಬಿರಿಯುತ್ತದೆ, ಕೆಳಗಿನ ಸುತ್ತುಪಟ್ಟಿಗಳು ನಡುವಿನಲ್ಲಿ ಸರಿಯಾಗಿ ಎದುರುಬದುರಾಗುವುದಿಲ್ಲ. ಭುಜದ ಹೊರತುದಿಗೆ 15ರಿಂದ 25 ಮಿ.ಮೀ. ಮೆತ್ತೆ ಕೊಟ್ಟರೆ ಇವೆಲ್ಲ ಒಟ್ಟಿಗೇ ಸರಿಹೋಗುತ್ತವೆ. ಇದನ್ನು ‘ರೋಮನ್ನರು ಮೆತ್ತೆ ಬಳಸಿದ್ದರು’ ಎಂದು ಬರೆಯಬೇಡಿ. ‘ಈ ಜೋಡಣೆ ಸರಿಯಿದ್ದರೆ ಭುಜದಡಿ ಏನೋ ಒಂದು ಬೇಕಾಗುತ್ತದೆ’ ಎನ್ನುವಷ್ಟಕ್ಕೇ ನಿಲ್ಲಿಸಿ.

ಎರಡು ಪದರ ಲಿನನ್ ಬಟ್ಟೆಯ ನಡುವೆ 5 ಮಿ.ಮೀ. ಒತ್ತಿದ ಉಣ್ಣೆ ಇಟ್ಟು ಅಂಗಿ ಹೊಲಿಯಿರಿ. ಅದನ್ನು ತೊಟ್ಟು, ಉಸಿರು ಪೂರ್ತಿ ಎಳೆದು ಎದೆಸುತ್ತಳತೆ ತೆಗೆಯಿರಿ. ಉಸಿರು ಬಿಟ್ಟು ತೆಗೆದ ಅಳತೆಯಲ್ಲಿ ಮಾಡಿದ ಕವಚ ನಿಂತಾಗ ಚೆಂದ ಕಾಣುತ್ತದೆ, ಓಡುವಾಗ ಉಸಿರು ಕಟ್ಟಿಸುತ್ತದೆ.

ಈಗ 2 ಮಿ.ಮೀ. ರಟ್ಟಿನಲ್ಲಿ ಇಡೀ ಕವಚ ಮಾಡಿ. ಇದು ನಾಲ್ಕು ಭಾಗವಾಗಿ ಬಿಚ್ಚುತ್ತದೆ: ಎಡ ಮತ್ತು ಬಲ ಭುಜದ ಜೋಡಣೆ, ಎಡ ಮತ್ತು ಬಲ ಸುತ್ತುಪಟ್ಟಿಗಳ ಜೋಡಣೆ. ಕಾರ್ಬ್ರಿಜ್ ಬಗೆಗಳಲ್ಲಿ ಸುತ್ತುಪಟ್ಟಿ ಏಳೋ ಎಂಟೋ ಜೊತೆ. ನೀವು ಹಿಡಿದ ನಕ್ಷೆಯಲ್ಲಿ ಇದ್ದಷ್ಟನ್ನೇ ಹಾಕಿ, ಎತ್ತರದ ಮನುಷ್ಯನಿಗೆಂದು ಒಂದನ್ನು ಕೂಡಿಸಬೇಡಿ. ಮೈ ಉದ್ದವಿದ್ದರೆ ಪಟ್ಟಿಗಳ ಅಗಲವನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸಿ, ಹೆಚ್ಚಿಸಿದ್ದನ್ನು ಖಾತೆಯಲ್ಲಿ ಬರೆಯಿರಿ. ಒಂದರ ಮೇಲೊಂದು ಬರುವ ಅಂಚಿಗೆ 20 ಮಿ.ಮೀ.ನಿಂದ ಶುರು ಮಾಡಿ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಮೂಲದ ತುಕ್ಕಿನ ಗೆರೆ ಮತ್ತು ರಿವೆಟ್ಟಿನ ಜಾಗ ನೋಡಿ ನಿರ್ಧರಿಸಿ. ಮಳೆ ನೀರು ಹೇಗೆ ಹರಿಯಬೇಕು, ಕತ್ತಿಯ ಏಟು ಯಾವ ಕಡೆಯಿಂದ ಬರುತ್ತದೆ ಎಂದೆಲ್ಲ ತರ್ಕ ಹೂಡಿ ನಿರ್ಧರಿಸಿದರೆ ಅದು ‘ಉ’.

ರಟ್ಟಿನ ಕವಚ ತೊಟ್ಟು ಕೈ ತಲೆಯ ಮೇಲೆತ್ತಿ, ಕೂತು, ಬಗ್ಗಿ ನೆಲದ ಕಲ್ಲು ಎತ್ತಿ. ಕೆಳಗಿನ ಪಟ್ಟಿ ತೊಡೆಗೆ ಒತ್ತಿದರೆ ಕವಚ ಉದ್ದವಾಯಿತು. ಕಂಕುಳಲ್ಲಿ ಒತ್ತಿದರೆ ಮೇಲಿನ ಪಟ್ಟಿಯ ಕಮಾನು ಸರಿ ಕತ್ತರಿಸಿಲ್ಲ. ರಟ್ಟಿನ ಹಂತ ಬಿಟ್ಟವರು ತಗಡಿನಲ್ಲಿ ಇದೇ ತಪ್ಪು ಕಂಡುಹಿಡಿಯುತ್ತಾರೆ, ಹತ್ತು ಪಟ್ಟು ಖರ್ಚಿನಲ್ಲಿ.

ವಿಸ್ತೀರ್ಣ ಅಳೆಯಲು ಸುಲಭ ದಾರಿ: ಅದೇ ರಟ್ಟಿನ 10 ಸೆಂ.ಮೀ. ಚೌಕವೊಂದನ್ನು ತೂಗಿ, ಎಲ್ಲ ತುಣುಕುಗಳನ್ನೂ ಒಟ್ಟಿಗೆ ತೂಗಿ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಭಾಗಿಸಿದರೆ ಚದರ ಮೀಟರ್ ಬರುತ್ತದೆ.

ತಗಡು

ರೋಮನ್ ಕಬ್ಬಿಣ ಕುಲುಮೆಯಿಂದ ಉಂಡೆಯಾಗಿ ಬಂದು, ಬಡಿದು ಬಡಿದು ತಗಡಾದದ್ದು. ಅದರೊಳಗೆ ಕಿಟ್ಟದ ಎಳೆಗಳಿರುತ್ತವೆ, ಇಂಗಾಲ ಮತ್ತು ರಂಜಕದ ಪ್ರಮಾಣ ಒಂದೇ ತಗಡಿನಲ್ಲಿ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಇಂದು ಸಿಗುವ ತಣ್ಣಗೆ ಉರುಳಿಸಿದ ಮೈಲ್ಡ್ ಸ್ಟೀಲ್ (ಇಂಗಾಲ ಕಡಿಮೆ ಇರುವ ಮೆದು ಉಕ್ಕು) ಎಲ್ಲ ಕಡೆ ಒಂದೇ ದಪ್ಪ, ಒಂದೇ ಗುಣ, ಕಿಟ್ಟವಿಲ್ಲ. ಕವಚ ಮೈಮೇಲೆ ಹೇಗೆ ಕೂರುತ್ತದೆ, ಕೈ ಎಷ್ಟು ಆಡುತ್ತದೆ ಎಂಬ ಪ್ರಶ್ನೆಗಳಿಗೆ ಈ ವ್ಯತ್ಯಾಸ ಅಷ್ಟಾಗಿ ಲೆಕ್ಕಕ್ಕೆ ಬಾರದು, 1.0 ಮಿ.ಮೀ. ಮೈಲ್ಡ್ ಸ್ಟೀಲ್ ತನ್ನಿ. ಬಾಣ ತೂರುತ್ತದೆಯೇ, ತುಕ್ಕು ಎಷ್ಟು ಬೇಗ ಹಿಡಿಯುತ್ತದೆ ಎಂಬ ಪ್ರಶ್ನೆಗಳಿಗೆ ಈ ತಗಡಿನಿಂದ ಉತ್ತರ ಸಿಗುವುದಿಲ್ಲ. ಒಂದೇ ಕವಚ ಎಲ್ಲ ಪ್ರಯೋಗಕ್ಕೂ ಆಗುತ್ತದೆ ಎಂದುಕೊಂಡವರ ಫಲಿತಾಂಶಗಳನ್ನು ಅನುಮಾನದಿಂದಲೇ ಓದಬೇಕು.

ಸತು ಲೇಪಿಸಿದ ತಗಡು ಬೇಡ. ಕಾಸಿದರೆ ಬರುವ ಹೊಗೆ ವಿಷ, ನೋಟವೂ ಸುಳ್ಳು.

ಕತ್ತರಿಸಿದ ಮೇಲೆ ಎಲ್ಲ ಅಂಚನ್ನೂ ಅರದಿಂದ ಉಜ್ಜಿ, ಬೆರಳು ಎಳೆದರೆ ಗೀರದಂತೆ ಮಾಡಿ. ಬಿಟ್ಟ ಮುಳ್ಳು ಮೊದಲು ಕೊಯ್ಯುವುದು ಒಳಗಿನ ಚರ್ಮವನ್ನು. ಸುತ್ತುಪಟ್ಟಿಯನ್ನು ಮರದ ದಿಮ್ಮಿಯ ಮೇಲೆ ಕೈಯಿಂದ ಒತ್ತಿ ಬಗ್ಗಿಸಬಹುದು. ತಗಡು ಸ್ವಲ್ಪ ವಾಪಸ್ ತೆರೆದುಕೊಳ್ಳುವುದರಿಂದ ಬೇಕಾದ ಸುತ್ತಿಗಿಂತ ಹತ್ತು-ಹದಿನೈದು ಶೇಕಡಾ ಚಿಕ್ಕ ದಿಮ್ಮಿ ತೆಗೆದುಕೊಳ್ಳಿ. ಮನುಷ್ಯನ ಸೊಂಟ ದುಂಡಗಿಲ್ಲ, ಅಂಡಾಕಾರ. ಬದಿಗಳಲ್ಲಿ ಬಿಗಿಯಾಗಿ, ಮುಂದೆ ಹಿಂದೆ ಸಡಿಲವಾಗಿ ಬಗ್ಗಿಸಿ. ದುಂಡಗೆ ಬಗ್ಗಿಸಿದ ಪಟ್ಟಿಗಳ ಕವಚ ತೊಟ್ಟವನ ಹೊಟ್ಟೆಯ ಮುಂದೆ ಖಾಲಿ ಜಾಗ, ಬದಿಯಲ್ಲಿ ನೋವು.

ತೂತು ಹೊಡೆಯಲು ಡ್ರಿಲ್ ಬಳಸಬಹುದು. ರೋಮನ್ ಕೆಲಸಗಾರ ಉಳಿಯಂಥ ಪಂಚ್ ಬಡಿದು ತೂತು ಮಾಡುತ್ತಿದ್ದ, ಹಾಗೆ ಮಾಡಿದ ತೂತಿಗೆ ಹಿಂಬದಿಯಲ್ಲಿ ಏಣು ಏಳುತ್ತದೆ. ಆ ಏಣು ರಿವೆಟ್ಟನ್ನು ಬಿಗಿಯಾಗಿ ಹಿಡಿಯುತ್ತದೆ, ಚರ್ಮವನ್ನು ಸವೆಸುತ್ತದೆ ಕೂಡ. ಸವೆತದ ಗುರುತನ್ನು ಮೂಲದ ಜೊತೆ ಹೋಲಿಸುವ ಉದ್ದೇಶವಿದ್ದರೆ ಪಂಚನ್ನೇ ಬಳಸಿ, ಮರದ ಅಡ್ಡಕೊಯ್ತದ ಮೇಲೆ ಇಟ್ಟು ಹೊಡೆಯಿರಿ.

ಚರ್ಮ ಮತ್ತು ರಿವೆಟ್

ಕವಚದ ಬೆನ್ನೆಲುಬು ಚರ್ಮ, ಹೊರಗೆ ಕಾಣದು. ಪ್ರತಿ ಅರ್ಧದ ಸುತ್ತುಪಟ್ಟಿಗಳ ಒಳಗೆ ಸಾಮಾನ್ಯವಾಗಿ ಮೂರು ಲಂಬ ಪಟ್ಟಿಗಳು: ಮುಂದೆ, ಬದಿಯಲ್ಲಿ, ಹಿಂದೆ. ತೊಗಟೆಯಲ್ಲಿ ಹದ ಮಾಡಿದ ಹಸುವಿನ ಚರ್ಮ, 2.5 ಮಿ.ಮೀ. ದಪ್ಪ, 25 ಮಿ.ಮೀ. ಅಗಲ ಸಾಕು. ಕ್ರೋಮ್ ಹದದ ಚರ್ಮ 19ನೇ ಶತಮಾನದ್ದು; ಅದು ಹೆಚ್ಚು ಹಿಗ್ಗುತ್ತದೆ, ಹಾಗಾಗಿ ಪರೀಕ್ಷೆಯೇ ಕೆಡುತ್ತದೆ. ಹೊಟ್ಟೆಯ ಭಾಗದ ಚರ್ಮ ಬಿಟ್ಟು ಬೆನ್ನಿನ ಭಾಗವನ್ನು ಉದ್ದುದ್ದ ಕೊಯ್ಯಿರಿ. ಒಂದು ತುಂಡಿಗೆ 5 ಕಿಲೋ ತೂಗುಹಾಕಿ ಒಂದು ದಿನ ಬಿಡಿ, ಆಮೇಲೆ ನೆನೆಸಿ ಮತ್ತೊಂದು ದಿನ ಬಿಡಿ. 30 ಸೆಂ.ಮೀ.ಗೆ 3 ಮಿ.ಮೀ.ಗಿಂತ ಹೆಚ್ಚು ಶಾಶ್ವತವಾಗಿ ಹಿಗ್ಗಿದರೆ ಆ ಚರ್ಮ ಬೇಡ.

ರಿವೆಟ್ ಹೊಡೆಯುವ ಮುನ್ನ ಎಲ್ಲ ತೂತಿಗೂ 3 ಮಿ.ಮೀ. ಸ್ಕ್ರೂ ಮತ್ತು ನಟ್ ಹಾಕಿ ಕವಚ ಜೋಡಿಸಿ. ತೊಟ್ಟು ನೋಡಿ, ಎರಡು ರಿವೆಟ್ಟಿನ ನಡುವಿನ ಚರ್ಮದ ಉದ್ದ ತಿದ್ದಿ. ಈ ಉದ್ದವೇ ಕವಚದ ಚಲನೆಯನ್ನು ನಿರ್ಧರಿಸುತ್ತದೆ: 3 ಮಿ.ಮೀ. ಕಡಿಮೆಯಾದರೆ ಬಗ್ಗಲು ಆಗದು, ಅಷ್ಟೇ ಹೆಚ್ಚಾದರೆ ಪಟ್ಟಿಗಳ ನಡುವೆ ಬಾಯಿ ಬಿಡುತ್ತದೆ. ಸರಿಯಾಗಿ ಕೂತ ಮೇಲೆ ಒಂದೊಂದೇ ಸ್ಕ್ರೂ ತೆಗೆದು ತಾಮ್ರ ಅಥವಾ ಹಿತ್ತಾಳೆಯ ರಿವೆಟ್ ಹಾಕಿ, ಒಳಗಡೆ ಚೌಕ ವಾಷರ್ ಕೂರಿಸಿ.

ರಿವೆಟ್ಟಿನ ಉದ್ದದ ಲೆಕ್ಕ: ತಗಡು 1, ಚರ್ಮ 2.5, ವಾಷರ್ 0.5, ಒಟ್ಟು 4 ಮಿ.ಮೀ.; ಅದರ ಮೇಲೆ ರಿವೆಟ್ಟಿನ ವ್ಯಾಸದಷ್ಟು, ಅಂದರೆ 3 ಮಿ.ಮೀ. ಬಿಟ್ಟು 7ಕ್ಕೆ ಕತ್ತರಿಸಿ. ಹೆಚ್ಚು ಬಿಟ್ಟರೆ ಏಟಿಗೆ ದಂಡ ವಾಲುತ್ತದೆ, ಕಡಿಮೆ ಬಿಟ್ಟರೆ ತಲೆ ಸಣ್ಣದಾಗಿ ವಾಷರ್ ಕಿತ್ತು ಬರುತ್ತದೆ. ಒಂದೇ ದೊಡ್ಡ ಏಟು ಬೇಡ, ಸಣ್ಣ ಸುತ್ತಿಗೆಯ ಹತ್ತು ಏಟು. ಚರ್ಮ ವಾಷರಿನ ಸುತ್ತ ಉಬ್ಬಿ ಬಂದರೆ ಬಿಗಿ ಅತಿಯಾಯಿತು. ಅಲ್ಲೇ ಮುಂದೆ ಹರಿಯುತ್ತದೆ.

ಹಿತ್ತಾಳೆಯ ಸಾಮಾನು

ಕೀಲು, ಬಕಲ್, ದಾರ ಕಟ್ಟುವ ಕುಣಿಕೆಗಳೆಲ್ಲ ತಾಮ್ರಮಿಶ್ರಲೋಹದವು, ಸಾಮಾನ್ಯವಾಗಿ ಹಿತ್ತಾಳೆ. ರೋಮನ್ನರು ತಾಮ್ರವನ್ನು ಸತುವಿನ ಅದಿರಿನ ಜೊತೆ ಮುಚ್ಚಿದ ಮೂಸೆಯಲ್ಲಿ ಕಾಸುತ್ತಿದ್ದರು. ಆ ವಿಧಾನದಲ್ಲಿ ಸತು ಶೇಕಡಾ 28ರ ಆಸುಪಾಸಿಗೆ ನಿಲ್ಲುತ್ತದೆ. 80/20 ಅಥವಾ 70/30 ಹಿತ್ತಾಳೆ ಹಾಳೆ ಸಮೀಪದ್ದು. ಮೂಲದ ಕೀಲುಗಳ ಹಾಳೆ ಸಾಮಾನ್ಯವಾಗಿ 1 ಮಿ.ಮೀ.ಗಿಂತ ತೆಳು. 0.5 ಮಿ.ಮೀ. ಹಿತ್ತಾಳೆಯಲ್ಲಿ ಮಾಡಿದರೆ ಕೀಲು ಬೇಗ ಬಾಗುತ್ತದೆ, ಸೀಳುತ್ತದೆ. ಕೈ ತಡೆಯದೆ 1 ಮಿ.ಮೀ. ಹಾಕುವವರೇ ಹೆಚ್ಚು. ಹಾಕಬೇಡಿ. ಮೂಲ ಕವಚಗಳಲ್ಲಿ ಕೀಲು ಮುರಿದು ರಿಪೇರಿಯಾದದ್ದು ಕಾಣುತ್ತದೆ. ನಿಮ್ಮದೂ ಅದೇ ಜಾಗದಲ್ಲಿ ಮುರಿದರೆ ಮರುನಿರ್ಮಾಣದ ಪರವಾಗಿ ಸಿಗುವ ಒಳ್ಳೆಯ ಸಾಕ್ಷಿ ಅದು. ಬೇರೆ ಜಾಗದಲ್ಲಿ ಮುರಿದರೆ ಯೋಚನೆ ಮಾಡಬೇಕಾದ ವಿಷಯ.

ಹಿತ್ತಾಳೆ ಕಬ್ಬಿಣಕ್ಕೆ ತಾಗಿ, ಬೆವರು ಸೇರಿದರೆ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಕೀಲಿನಡಿಯ ಕಬ್ಬಿಣವನ್ನು ಪ್ರತಿ ಸಲ ಬಿಚ್ಚಿ ನೋಡಲಾಗದು, ಆದ್ದರಿಂದ ಕೀಲಿನ ಅಂಚಿನಲ್ಲಿ ಕಂದು ಗೆರೆ ಯಾವಾಗ ಬಂತು ಎಂದು ಬರೆದಿಡಿ.

ಮುಂದೆ ಮತ್ತು ಹಿಂದೆ ಪಟ್ಟಿಗಳನ್ನು ಕೂಡಿಸುವ ಕುಣಿಕೆಗಳಿಗೆ ಚರ್ಮದ ದಾರ ಹಾಕಿ. ಒಂದೇ ಉದ್ದ ದಾರವೋ, ಪ್ರತಿ ಜೊತೆಗೆ ಬಿಡಿ ಗಂಟೋ ಎಂಬುದು ‘ಉ’ ದರ್ಜೆಯದು. ಎರಡನ್ನೂ ಮಾಡಿ ನೋಡುವುದೇ ಸರಿ.

ತೊಟ್ಟು ನೋಡುವ ಪರೀಕ್ಷೆ

ಒಂದು ಪರೀಕ್ಷೆಗೆ ಒಂದೇ ಪ್ರಶ್ನೆ, ಒಂದೇ ಬದಲಾವಣೆ. ಶುರು ಮಾಡುವ ಮೊದಲು ಏನಾಗಬಹುದು ಎಂದು ನಿರೀಕ್ಷಿಸುತ್ತೀರೋ ಬರೆದು ದಿನಾಂಕ ಹಾಕಿ. ಆಮೇಲೆ ಬರೆದ ನಿರೀಕ್ಷೆ ಯಾವಾಗಲೂ ಸರಿಯಾಗಿಯೇ ಇರುತ್ತದೆ.

ಮೆತ್ತೆ ಇದ್ದಾಗ ಮತ್ತು ಇಲ್ಲದಾಗ. ಉದ್ದ ದಾರ ಮತ್ತು ಬಿಡಿ ಗಂಟು. ಒಬ್ಬರೇ ತೊಡುವುದು ಮತ್ತು ಜೊತೆಗಾರರ ನೆರವಿನಿಂದ ತೊಡುವುದು. ಪ್ರತಿ ಜೋಡಿಯನ್ನೂ ಬೇರೆ ಬೇರೆ ಮೈಕಟ್ಟಿನ ಮೂರು ಜನರಾದರೂ, ಕ್ರಮ ಅದಲುಬದಲು ಮಾಡಿ ನಡೆಸಬೇಕು. ಎರಡನೇ ಸಲ ತೊಡುವಾಗ ಕೈ ಪಳಗಿರುತ್ತದೆ. ಕ್ರಮ ಬದಲಿಸದಿದ್ದರೆ ಪಳಗಿದ ಕೈಯನ್ನು ದಾರದ ಗುಣ ಎಂದುಕೊಳ್ಳುತ್ತೀರಿ. ತಗಡಿನ ಮೇಲೆ ಮಾರ್ಕರಿನಿಂದ ಚುಕ್ಕಿ ಹಾಕಿ, ಪರೀಕ್ಷೆಗೆ ಮೊದಲು ಮತ್ತು ನಂತರ ಅದೇ ದೂರದಿಂದ ಫೋಟೋ ತೆಗೆದರೆ ಚರ್ಮ ಹಿಗ್ಗಿದ್ದು, ಪಟ್ಟಿ ಜಾರಿದ್ದು ಮಿಲಿಮೀಟರಿನಲ್ಲಿ ಸಿಗುತ್ತದೆ. ದೂರದ ನಡಿಗೆಗೆ ಬೇರೆಯೇ ಬೆಲೆ ಇದೆ. ಜರ್ಮನ್ ಇತಿಹಾಸಕಾರ ಮಾರ್ಕುಸ್ ಯುಂಕೆಲ್‌ಮನ್ ಮತ್ತು ಸಂಗಡಿಗರು 1985ರಲ್ಲಿ ರೋಮನ್ ಸಜ್ಜು ತೊಟ್ಟು ಇಟಲಿಯ ವೆರೋನಾದಿಂದ ಆಲ್ಪ್ಸ್ ದಾಟಿ ಜರ್ಮನಿಯ ಔಗ್ಸ್‌ಬರ್ಗ್‌ವರೆಗೆ ನಡೆದರು. ಅರ್ಧ ಗಂಟೆಯಲ್ಲಿ ಕಾಣದ ಉಜ್ಜುವಿಕೆ, ಸಡಿಲಿಕೆ ಇಂಥ ದಿನಗಟ್ಟಲೆಯ ಬಳಕೆಯಲ್ಲಿ ಮೇಲೆ ಬರುತ್ತದೆ.

ಫಲಿತಾಂಶ ಓದುವಾಗ ಒಂದು ನಿಯಮ ಇಟ್ಟುಕೊಳ್ಳಿ. ಜೋಡಣೆ ಚೆನ್ನಾಗಿ ನಡೆದರೆ ‘ಹೀಗೆ ಸಾಧ್ಯ’ ಎಂದಷ್ಟೇ ತೀರ್ಮಾನ, ಏಕೆಂದರೆ ಇನ್ನೊಂದು ಜೋಡಣೆಯೂ ಅಷ್ಟೇ ಚೆನ್ನಾಗಿ ನಡೆಯಬಹುದು. ನಡೆಯದಿದ್ದರೆ ಮೂರು ಕಾರಣಗಳಿರಬಹುದು: ಜೋಡಣೆ ತಪ್ಪು, ಸಾಮಗ್ರಿ ತಪ್ಪು, ಇಲ್ಲವೇ ಮಾಡಿದವರ ಕೈ ಕಚ್ಚಾ. ಮೂರನೆಯದನ್ನು ಮೊದಲು ಹೊರಗಿಡಿ.

ಏಟಿನ ಪರೀಕ್ಷೆ

ಪೂರ್ತಿ ಕವಚವನ್ನು ಇದಕ್ಕೆ ಬಲಿಕೊಡಬೇಡಿ, ಒಳಗೆ ಮನುಷ್ಯ ಇರುವಾಗಂತೂ ಎಂದೂ ಬೇಡ. ಅದೇ ದಪ್ಪದ, ಸಾಧ್ಯವಾದರೆ ಕಿಟ್ಟವಿರುವ ಹಳೇ ಬಗೆಯ ಕಬ್ಬಿಣದ ತುಂಡುಗಳನ್ನು, ಹಿಂದೆ ಅಂಗಿಯ ಪದರ ಮತ್ತು ಜೇಡಿಮಣ್ಣು ಅಥವಾ ಜೆಲಟಿನ್ ಇಟ್ಟು ಬಳಸಿ. ಗಟ್ಟಿ ಮರದ ಹಲಗೆಗೆ ಮೊಳೆ ಹೊಡೆದ ತಗಡು ಹಿಂದೆ ಸರಿಯುವುದಿಲ್ಲ, ಹಾಗಾಗಿ ಬೇಗ ತೂತಾಗುತ್ತದೆ.

ಬಿಲ್ಲಿನ ಎಳೆತದ ಭಾರ ಬರೆದರೆ ಸಾಲದು. ಬಾಣದ ತೂಕ ಮತ್ತು ವೇಗ ಬರೆಯಿರಿ. 60 ಗ್ರಾಂ ಬಾಣ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬಂದರೆ ಅದರ ಚಲನಶಕ್ತಿ 75 ಜೂಲ್. ಕೋನವೂ ಬೇಕು: 45 ಡಿಗ್ರಿಯಲ್ಲಿ ಬಡಿದಾಗ 1 ಮಿ.ಮೀ. ತಗಡು ಬಾಣದ ದಾರಿಯಲ್ಲಿ 1.4 ಮಿ.ಮೀ. ಆಗುತ್ತದೆ, ಜಾರಿಹೋಗುವ ಸಂಭವವೂ ಹೆಚ್ಚು. ಕವಚದ ಬಹುಭಾಗ ಬಾಗಿದ ಮೈ, ಜೊತೆಗೆ ಪಟ್ಟಿಗಳು ಒಂದರ ಮೇಲೊಂದು ಬರುವ ಕಡೆ ಎರಡು ಪದರ. ಚಪ್ಪಟೆ ತಗಡಿನ ನಡುವಿಗೆ ನೇರ ಹೊಡೆದ ಏಟು ಕವಚದ ಅತ್ಯಂತ ಕೆಟ್ಟ ಜಾಗದ ಲೆಕ್ಕ ಮಾತ್ರ. ಬಾಣದ ತುದಿಯೂ ಗಟ್ಟಿ ಮಾಡಿದ ಆಧುನಿಕ ಉಕ್ಕಾಗಿದ್ದರೆ ಪರೀಕ್ಷೆಯ ಎರಡೂ ಕಡೆ ಇಂದಿನ ಲೋಹವೇ ಇದ್ದಂತಾಯಿತು.

ದಾಖಲೆ ಮತ್ತು ಗುರುತು

ಪ್ರತಿ ತಗಡಿನ ಒಳಬದಿಗೆ ಮಾಡಿದ ವರ್ಷ, ‘ನಕಲು’ ಎಂಬ ಮಾತು, ದರ್ಜೆಯ ಅಕ್ಷರ ಮೂರನ್ನೂ ಅಕ್ಷರದಚ್ಚಿನಿಂದ ಬಡಿದು ಕೂರಿಸಿ. ಬಣ್ಣ ಉಜ್ಜಿ ಹೋಗುತ್ತದೆ, ಕಾಗದ ಕಳೆದುಹೋಗುತ್ತದೆ. ಚರ್ಮದ ಪಟ್ಟಿ ಬದಲಿಸಿದರೆ ಹಳೆಯದನ್ನು ಎಸೆಯದೆ ದಿನಾಂಕದ ಚೀಟಿ ಕಟ್ಟಿ ಇಡಿ, ಅದರ ತೂತುಗಳ ಸವೆತವೇ ಮುಂದಿನ ಹೋಲಿಕೆಗೆ ಸಾಮಗ್ರಿ. ಕವಚವನ್ನು ಪ್ರದರ್ಶನಕ್ಕಿಟ್ಟರೆ ಪಕ್ಕದಲ್ಲಿ ಒಂದು ರೇಖಾಚಿತ್ರ ಇರಲಿ: ‘ಅ’ ಮತ್ತು ‘ಆ’ ಭಾಗಗಳಿಗೆ ಗಾಢ ಬಣ್ಣ, ‘ಇ’ ಮತ್ತು ‘ಈ’ ಭಾಗಗಳಿಗೆ ತಿಳಿ ಬಣ್ಣ, ‘ಉ’ ಬಿಳಿ. ಹೊಸ ಅಗೆತದ ವರದಿ ಬಂದಾಗ ದರ್ಜೆ ಬದಲಾದ ಭಾಗವನ್ನಷ್ಟೇ ಕಳಚಿ ಹೊಸದು ಹಾಕಿ, ಹಳೆಯ ಭಾಗವನ್ನೂ ಹಳೆಯ ರೇಖಾಚಿತ್ರವನ್ನೂ ಒಟ್ಟಿಗೆ ತೆಗೆದಿಡಿ.